ಜಗಲಿಯ ಕೆಳಗಿನ ಮರ

ನಮ್ಮ ಪೇಷನ್ಸ್ ಗ್ಯಾಪ್ ಎಂಬ ಬೆಟ್ಟದೂರಿನಲ್ಲಿ ಎಷ್ಟು ಜನರಿದ್ದಾರೆಂದು ತಿಳಿಯಬೇಕಾದರೆ ಬಾಗಿಲು ತಟ್ಟಿ ಪ್ರಯೋಜನವಿಲ್ಲ, ಮರ ಎಣಿಸಬೇಕು. ಕಬ್ಬಿನ ತೋಟದ ಗುಲಾಮಗಿರಿ ತಪ್ಪಿದ ಮೇಲೆ ಬೆಟ್ಟ ಹತ್ತಿ ಬಂದ ನಮ್ಮ ಮುತ್ತಜ್ಜಂದಿರು ಮಾಡಿಟ್ಟ ಪದ್ಧತಿ ಇದು: ಮಗು ಹುಟ್ಟಿದರೆ ಅದರ ಹೊಕ್ಕುಳಬಳ್ಳಿಯನ್ನು ಅಂಗಳದಲ್ಲಿ ಹೂತು ಮೇಲೊಂದು ಸಸಿ ನೆಡುವುದು. ಮರ ಇರುವವರೆಗೆ ಆ ನೆಲದಲ್ಲಿ ಅವನಿಗೂ ಪಾಲು. ಅವನು ಲಂಡನ್ನಿನಲ್ಲಿ ಬಸ್ಸು ಓಡಿಸಲಿ, ಟೊರೊಂಟೊದಲ್ಲಿ ಆಸ್ಪತ್ರೆಯ ನೆಲ ಒರೆಸಲಿ, ಊರಿನ ಲೆಕ್ಕದಲ್ಲಿ ಇದ್ದಾನೆ. ಹೊಗೆಯಾಡುವ ಒಲೆಗಳು ಬೆರಳೆಣಿಕೆಯಷ್ಟಾದರೂ ನಾವು ದೊಡ್ಡ ಊರಿನವರೆಂದೇ ಮೆರೆಯುವುದು ಹೀಗೆ. ಬದುಕಿರುವವರ ಮರಕ್ಕೆ ಯಾರೂ ಕೊಡಲಿ ಹಾಕುವಂತಿಲ್ಲ. ಸತ್ತವರದ್ದನ್ನು ಕಡಿಯಬಹುದು.

ನಮ್ಮೂರ ಇಸಿಲ್ಡಾ ಎಡವಿದ್ದು ಇಲ್ಲೇ. ಇಂಗ್ಲೆಂಡಿಗೆ ಹೋದ ಅಣ್ಣ ಲಿಂಡೆಲ್‌ನಿಂದ ವರ್ಷಗಟ್ಟಲೆ ಸುದ್ದಿಯಿರಲಿಲ್ಲ. ಅವನ ದೀವಿಹಲಸಿನ ಮರ ಅವಳು ಆಸೆಪಟ್ಟಿದ್ದ ಜಗಲಿಗೆ ಅಡ್ಡವಾಗಿತ್ತು. ಒಂದು ದಿನ ಅವಳು, “ಅಣ್ಣ ಹೋಗ್ಬಿಟ್ನಂತೆ” ಎಂದಳು. ಯಾರು ಹೇಳಿದರೆಂದು ನಾವೊಬ್ಬರೂ ಕೇಳಲಿಲ್ಲ. ಸಾವಿನ ಒಂಬತ್ತನೆಯ ರಾತ್ರಿಯ ಜಾಗರಣೆಗೆ ಹೋಗಿ, ಹುರಿದ ಮೀನು ತಿಂದು, ರಮ್ ಕುಡಿದು, ಅವನ ಆತ್ಮಕ್ಕೆ ಹಾಡು ಹೇಳಿ ಬಂದೆವು. ಮರುವಾರ ಮರ ಉರುಳಿತು. ಗಾರೆ ಕೆಲಸದ ಎಜ್ರಾ ಅದರ ಬೇರಿನ ಮೇಲೆ ಸಿಮೆಂಟು ಸುರಿದು ಕೆಂಪು ನೆಲ ಮಾಡಿಕೊಟ್ಟ.

ಕಳೆದ ತಿಂಗಳು ಆ ಜಗಲಿಯ ಮುಂದೆ ಟ್ಯಾಕ್ಸಿ ನಿಂತಿತು. ಲಿಂಡೆಲ್ ಇಳಿದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಏದುಸಿರು ಬೇರೆ ಬಿಡುತ್ತಿದ್ದ.

“ಏನೇ ಸಿಲ್ಡಾ, ದೆವ್ವ ಕಂಡೋಳ್ ಥರ ನೋಡ್ತೀಯ! ನನ್ ಮರ ಎಲ್ಲೇ?”

“ಬಿರುಗಾಳಿಗೆ ಬಿದ್ದೋಯ್ತಣ್ಣ.”

“ಎಂಥಾ ಗಾಳಿ ಅಂತೀಯಾ!” ಬೇಲಿಯಾಚೆಯಿಂದ ಎಜ್ರಾ ದನಿಗೂಡಿಸಿದ. “ಚರ್ಚಿನ ತಗಡೇ ಹಾರೋಯ್ತು ಕಣಯ್ಯಾ!” ಜಾಗರಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಡಿದವನು ಇವನೇ. ನಾವೂ ತಲೆಯಾಡಿಸಿದೆವು. ಮಾನಗೆಟ್ಟವರು ನಾವು.

“ಗಾಳಿ ಬೀಳಿಸಿದ್ರೆ ಯಾರೇನ್ ಮಾಡಕ್ಕಾಗುತ್ತೆ? ಬುಡ ಇದ್ದ ಜಾಗ ತೋರ್ಸು. ಡಾಕ್ಟ್ರು ಕೈಚೆಲ್ಲಿದಾರೆ. ನನ್ನ ಅಲ್ಲೇ ಮಲಗಿಸ್ಬೇಕು, ಅದಕ್ಕೇ ಬಂದಿದ್ದು.”

ಅವನು ಬಿಟ್ಟುಹೋದ ಹಲಗೆಯ ಮನೆ ಈಗಿರಲಿಲ್ಲ, ಅಂಗಳದ ದಾರಿಯೂ ಬೇರೆ ಕಡೆಗೆ ತಿರುಗಿತ್ತು. ಇಸಿಲ್ಡಾ ಹಂದಿಗೂಡಿನ ಪಕ್ಕಕ್ಕೆ ಕೈ ತೋರಿಸಿದಳು. ಅವನು ನಂಬಿದ. ಕಳೆ ಕಿತ್ತು, ಸುತ್ತ ಕಲ್ಲು ಜೋಡಿಸಿ ಸುಣ್ಣ ಬಳಿದ. ಬೆಳಿಗ್ಗೆ ಎದ್ದರೆ ಅಲ್ಲಿಗೆ ಹೋಗಿ ಕೂರುತ್ತಿದ್ದ. ಇಸಿಲ್ಡಾ ಅವನಿಗೆ ಉಪ್ಪುಮೀನು, ತೆಂಗಿನಹಾಲಿನ ಅನ್ನ ಮಾಡಿ ಬಡಿಸುವಳು. “ನಿನ್ನಂಥ ತಂಗಿ ಯಾರಿಗಿದಾಳೆ ಹೇಳು” ಎಂದು ಅವನು ಹೊಗಳಿದಾಗಲೆಲ್ಲ ಅವಳು ತನ್ನ ತಟ್ಟೆಯದನ್ನು ಹಂದಿಗಳಿಗೆ ಸುರಿದುಬಿಡುವಳು. ತಿಂಗಳೊಳಗೆ ಸೊರಗಿ ಅರ್ಧವಾದಳು. ಕಾಯಿಲೆ ಯಾರಿಗೆಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ.

ಅಲ್ಲೇ ಕಲ್ಲಿನ ಗೋರಿಯನ್ನು ಮೊದಲೇ ಕಟ್ಟಿಸಿಬಿಡೋಣವೆಂದು ಲಿಂಡೆಲ್ ಎಜ್ರಾನನ್ನೇ ಕರೆಸಿದ. ನಾವೂ ಕೈಜೋಡಿಸಲು ಹೋದೆವು. ಲಿಂಡೆಲ್ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ.

“ಹುಷಾರಾಗ್ ಅಗಿಯೋ ಎಜ್ರಾ, ನನ್ ಹೊಕ್ಕುಳಬಳ್ಳಿಗೆ ಗುದ್ದಲಿ ತಗುಲೀತು!”

ಎಜ್ರಾ ಎತ್ತಿದ ಗುದ್ದಲಿ ಇಳಿಸಲಿಲ್ಲ. ಇಸಿಲ್ಡಾಳ ಮುಖ ನೋಡಿದ. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು.

“ಅಲ್ಲಲ್ಲ ಅಣ್ಣ. ನೀನ್ ಕೂತಿದೀಯಲ್ಲ, ಅದರ ಕೆಳಗೆ. ಗಾಳಿಯೂ ಅಲ್ಲ, ಏನೂ ಅಲ್ಲ. ಜಗಲಿ ಬೇಕಿತ್ತು ನಂಗೆ. ನೀನ್ ಸತ್ತೆ ಅಂತ ಊರಿಗೆಲ್ಲ ನಾನೇ ಹೇಳ್ದೆ.”

ಲಿಂಡೆಲ್ ಕೆಂಪು ನೆಲವನ್ನೇ ನೋಡುತ್ತಿದ್ದ. ಆಮೇಲೆ ಕಷ್ಟಪಟ್ಟು ಬಾಗಿ ಎರಡೂ ಬೂಟು ಕಳಚಿ ಪಕ್ಕಕ್ಕಿಟ್ಟ. ಬರಿಗಾಲನ್ನು ಮೆಲ್ಲಗೆ ಸಿಮೆಂಟಿನ ಮೇಲೆ ಊರಿದ.

“ನನ್ ಜಾಗರಣೆ ಮಾಡಿದ್ಯಾ?”

“ಮಾಡ್ದೆ.”

“ಯಾರ್ಯಾರ್ ಬಂದಿದ್ರು?”

ಇಸಿಲ್ಡಾ ನಮ್ಮ ಕಡೆ ತಿರುಗಿ ನೋಡಿದಳು. ನಾವೆಲ್ಲರೂ ಅಂಗಳದಲ್ಲೇ ನಿಂತಿದ್ದೆವು.