ಖಾಲಿ ಎಂದು ಬರೆದ ಡಬ್ಬ

ಆ ಡಬ್ಬದ ಮೇಲೆ ‘ಖಾಲಿ’ ಎಂದು ಬರೆದವಳು ನಾನೇ. ಹಳೆಯ ಸಿನಿಮಾ ರೀಲುಗಳ ಉಗ್ರಾಣಕ್ಕೆ ಕೆಲಸಕ್ಕೆ ಸೇರಿದ ಹೊಸತು. ರೀಲನ್ನು ಬೆಳಕಿಗೆ ಹಿಡಿಯುವುದು, ಚಿತ್ರ ಕಂಡರೆ ಹೆಸರು ಬರೆಯುವುದು, ಕಾಣದಿದ್ದರೆ ‘ಖಾಲಿ’ ಎಂದು ಗೀಚಿ ಕೆಳಗಿನ ಹಲಗೆಗೆ ತಳ್ಳುವುದು. ಇಷ್ಟೇ ಕೆಲಸ. ಎಲ್ಲ ಗೊತ್ತೆಂಬ ಜಂಬ ಮಾತ್ರ ಬೆಟ್ಟದಷ್ಟಿತ್ತು.

ಇಪ್ಪತ್ತೆರಡು ವರ್ಷದ ಮೇಲೆ, ಕಸಕ್ಕೆ ಹಾಕಲೆಂದು ಕೆಳಗಿನ ಹಲಗೆ ತೆರವು ಮಾಡುವಾಗ, ಅದೇ ರೀಲನ್ನು ಮತ್ತೆ ಬೆಳಕಿಗೆ ಹಿಡಿದೆ. ಅಂಚಿನುದ್ದಕ್ಕೂ ಒಂದು ಗೀರು, ನಡುಗುವ ಕೈ ಎಳೆದಂತೆ. ಸಿನಿಮಾಕ್ಕೆ ಮಾತು ಬಂದ ಹೊಸದರಲ್ಲಿ ಚಿತ್ರವನ್ನು ಒಂದು ರೀಲಿನಲ್ಲೂ ಮಾತನ್ನು ಇನ್ನೊಂದರಲ್ಲೂ ಹಿಡಿಯುತ್ತಿದ್ದರು. ಆ ಗೀರೇ ಮಾತು. ತುದಿಯಲ್ಲಿ ಶಾಯಿಯಲ್ಲಿ ಬರೆದಿದ್ದ ಹೆಸರು ಓದಿದೆ. ಪೂರ್ತಿ ನಾಶವಾಯಿತೆಂದು ಎಲ್ಲರೂ ಕೈಬಿಟ್ಟಿದ್ದ ಸಿನಿಮಾ ಅದು.

ಅದರ ನಾಯಕಿಯ ಮಗಳು ವರ್ಷಕ್ಕೊಮ್ಮೆ ನಮ್ಮ ಬಾಗಿಲಿಗೆ ಬರುತ್ತಿದ್ದರು. ಎಪ್ಪತ್ತು ದಾಟಿದ ಅಜ್ಜಿ. ಇವರು ಕೈಗೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದರು. ಫೋಟೋ ಇದೆ, ದನಿ ಹೇಗಿತ್ತೋ ಗೊತ್ತಿಲ್ಲ. “ಏನಾದ್ರೂ ಸಿಕ್ತೇನಮ್ಮಾ?” ಎಂದು ಕೇಳುತ್ತಿದ್ದರು. “ಇಲ್ಲ ಅಜ್ಜಿ” ಎನ್ನುತ್ತಿದ್ದೆ, ಅದೇ ಹಲಗೆಗೆ ಬೆನ್ನು ಹಾಕಿ ಕೂತು.

ಈ ಸಲ ನಾನೇ ಕರೆಸಿ, ಉಗ್ರಾಣದ ಪುಟ್ಟ ಥಿಯೇಟರಿನಲ್ಲಿ ಕೂರಿಸಿದೆ. ತಪ್ಪನ್ನೂ ಒಪ್ಪಿಕೊಂಡೆ.

“ಬೈಬೇಕಾದ್ರೆ ಬೈದುಬಿಡಿ ಅಜ್ಜಿ.”

“ಆಮೇಲೆ ಬೈತೀನಿ. ಮೊದ್ಲು ಹಾಕು.”

“ರೀಲು ಒಣಗಿ ಪುಡಿಯಾಗೋ ಹಂಗಿದೆ. ಒಂದೇ ಸಲ ಓಡ್ಬಹುದು, ಅದೂ ಪೂರ್ತಿ ಓಡುತ್ತೆ ಅಂತ ಹೇಳಕ್ಕಾಗಲ್ಲ.”

“ಹಾಕು ಅಂದ್ನಲ್ಲ.”

ಆಪರೇಟರ್ ಪ್ರೊಜೆಕ್ಟರಿನ ಗುಂಡಿ ಒತ್ತಿದ. ಪರದೆ ಬರೀ ಬಿಳಿ. ಮೊದಲು ಚರಚರ ಸದ್ದು, ಆಮೇಲೆ ಒಬ್ಬ ಹೆಂಗಸು ಗಂಡನನ್ನು ತರಾಟೆಗೆ ತೆಗೆದುಕೊಳ್ಳತೊಡಗಿದಳು. ಘನವಾದ ನಾಟಕದ ಮಾತು, ಕೊನೆಯ ಸಾಲಿನವನಿಗೂ ಕೇಳುವಂಥದ್ದು. ಸತ್ತು ಎಪ್ಪತ್ತು ವರ್ಷವಾದವಳು ಮಾತಿನ ನಡುವೆ ಉಸಿರೆಳೆದುಕೊಳ್ಳುವುದು ಕೇಳಿಸಿತು. ಇಂಥದ್ದನ್ನು ಕೇಳುವ ಯೋಗ್ಯತೆ ನನಗಿಲ್ಲ ಅನ್ನಿಸಿತು.

ಅಜ್ಜಿ ಮಾತ್ರ ಮಿಸುಕಲಿಲ್ಲ. “ಇದು ನಾಟಕದವಳ ದನಿ ಕಣಮ್ಮಾ,” ಎಂದರು ಮೆಲ್ಲಗೆ. “ನಮ್ಮಮ್ಮಂದಲ್ಲ.”

ಅಷ್ಟರಲ್ಲಿ ರೀಲಿನೊಳಗೆ ಒಂದು ಮಗು ಅತ್ತಿತು. “ನಿಲ್ಸಿ, ನಿಲ್ಸಿ. ಯಾರದ್ರೀ ಆ ಮಗು?” ಎಂದು ಗಂಡಸೊಬ್ಬ ಗದರಿದ. ಶೂಟಿಂಗ್ ನಿಂತರೂ ಧ್ವನಿಯ ಯಂತ್ರ ನಿಲ್ಲಿಸಲು ಯಾರೋ ಮರೆತಿದ್ದರು.

“ನಂದೇ. ಹಾಲು ಕುಡಿಸಿ ಬರ್ತೀನಿ. ನಿಮ್ಮ ಯಂತ್ರಕ್ಕೆ ಹೊಟ್ಟೆ ಇಲ್ಲ, ಮಗೂಗಿದೆ.”

ಅದೇ ಹೆಂಗಸು, ಆದರೆ ದನಿ ಬೇರೆ. ತೆಳು, ತುಸು ಒರಟು, ಮನೆಯೊಳಗಿನದು. ಹೆಜ್ಜೆಗಳು ದೂರ ಸರಿದವು. ಶೂಟಿಂಗ್ ಕೋಣೆಯ ಆಚೆ ತುದಿಯಿಂದ ಕೇಳಿತು:

“ಬಂದೆ ಕಣೇ ಚಿನ್ನಾ, ಬಂದೆ. ಅಮ್ಮ ಇಲ್ಲೇ ಇದೀನಲ್ಲ.”

ಅಳು ನಿಂತಿತು. ರೀಲು ಪಟ್ಟೆಂದು ತುಂಡಾಯಿತು.

ಪಕ್ಕದ ಕುರ್ಚಿಯಿಂದ ಅಜ್ಜಿ, “ಹೂಂ ಅಮ್ಮಾ,” ಎಂದು ಓಗೊಟ್ಟರು.