ಅಳೆಯದ ಹೊಯ್ಗೆ

"ಇಗೋ, ಇದು ನಮ್ಮ ಕಡಲತೀರದ ಹೊಯ್ಗೆ," ಎಂದು ರವೀಂದ್ರ ಬಾಟಲಿಯ ಕರಿಮರಳನ್ನು ಅಂಗೈಗೆ ಸುರಿದುಕೊಂಡ. ಹೊನ್ನಾವರದ ಸಭಾಭವನದಲ್ಲಿ ಜನ ಕತ್ತು ಚಾಚಿ ನೋಡಿದರು. ಅಣುವಿದ್ಯುತ್ ಸ್ಥಾವರವೊಂದರ ಎಂಜಿನಿಯರನಾದ ಅವನು ಥೋರಿಯಂ ಕುರಿತು ಮಾತನಾಡುತ್ತಿದ್ದ. ಅದು ತಾನಾಗಿ ಇಂಧನವಲ್ಲ. ನ್ಯೂಟ್ರಾನ್ ಹೀರಿ ಯುರೇನಿಯಂ ಆಗಿ ಬದಲಾದ ಮೇಲೆ ಇಂಧನ. ಕೇರಳದ ತೀರದ ಮರಳಿನಲ್ಲಿ ಹೇರಳವಾಗಿದೆ. ಬಳಸುವುದನ್ನು ಕಲಿತರೆ ದೇಶಕ್ಕೆ ತಲೆಮಾರುಗಳ ಕಾಲ ವಿದ್ಯುತ್ತಿನ ಚಿಂತೆಯಿಲ್ಲ.

"ಇಲ್ಲಿ ಹೊಯ್ಗೇಲೂ ಅದ್ಯಾ?" ಹಿಂದಿನ ಸಾಲಿನಿಂದ ವೆಂಕ್ಟ್ರಮಣ ಕೇಳಿದ. "ಇದ್ರೆ ನಮ್ಮನೆಗೆ ಕರೆಂಟ್ ಬಿಲ್ಲು ಎಂತಕ್ಕೆ ಬತ್ತದೆ ಮಾರಾಯ?"

ಸಭೆ ನಕ್ಕಿತು. ರವೀಂದ್ರನೂ ನಕ್ಕ.

"ಸ್ವಲ್ಪ ಇದ್ದರೂ ಇರಬಹುದು. ಹೆದರುವುದು ಎಂತಕ್ಕೆ? ನನ್ನ ದೊಡ್ಡಮ್ಮ ಇದೇ ಹೊಯ್ಗೆಯಲ್ಲಿ ಶೇಂಗಾ ಹುರಿದು ಮಾರಿ ನನ್ನನ್ನು ಸಾಕಿದವಳು. ಅದನ್ನೇ ತಿಂದು ಬೆಳೆದವ ನಿಮ್ಮ ಎದುರಿಗೆ ನಿಂತಿದ್ದೇನೆ."

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಅವನ ದೊಡ್ಡಮ್ಮ ನಾಗಮ್ಮ ಸೆರಗು ಸರಿಪಡಿಸಿಕೊಂಡಳು. ಕರಿಹೊಯ್ಗೆಯಲ್ಲಿ ಅಣು ಇದೆಯೆಂಬ ಸುದ್ದಿ ಹಬ್ಬಿದಂದಿನಿಂದ ಇಡಗುಂಜಿ ದೇವಸ್ಥಾನದೆದುರು ಅವಳ ಶೇಂಗಾ ಬುಟ್ಟಿಯ ಬಳಿ ಯಾರೂ ನಿಲ್ಲುತ್ತಿರಲಿಲ್ಲ. "ಸಭೇಲಿ ಒಂದು ಮಾತು ಹೇಳ್ಬಿಡು ತಮಾ, ನೀ ಹೇಳಿದ್ರೆ ಜನ ನಂಬ್ತರು," ಎಂದು ಅವಳೇ ಬೇಡಿಕೊಂಡಿದ್ದಳು. ಅವನು ಹೇಳಿದ. ಜನ ನಂಬಿದರು. ಸಭೆ ಮುಗಿದಾಗ ಬಾಗಿಲಲ್ಲೇ ವೆಂಕ್ಟ್ರಮಣ ಅವಳಿಂದ ಎರಡು ಪೊಟ್ಟಣ ಕೊಂಡ.

ಆ ಮರಳನ್ನು ರವೀಂದ್ರ ಅಳೆದು ನೋಡಿರಲಿಲ್ಲ. ವಿಕಿರಣ ಅಳೆಯುವ ಉಪಕರಣ ಅವನ ಕಚೇರಿಯ ಕಪಾಟಿನಲ್ಲೇ ಇತ್ತು.

ಸಂಜೆ ಬಸ್ ನಿಲ್ದಾಣದಲ್ಲಿ ಮಗಳು ಅಂಕಿತಾ ಅಜ್ಜಿ ಕಟ್ಟಿಕೊಟ್ಟ ಪೊಟ್ಟಣ ಬಿಚ್ಚಿದಳು. ಶೇಂಗಾ ಇನ್ನೂ ಬೆಚ್ಚಗಿತ್ತು. ಸಿಪ್ಪೆಯ ಗೆರೆಗಳಲ್ಲಿ ಕಪ್ಪು ಹುಡಿ ಕೂತಿತ್ತು. ರವೀಂದ್ರ ಅವಳ ಕೈಯಿಂದ ಪೊಟ್ಟಣ ಕಿತ್ತುಕೊಂಡು ಕಸದ ಡಬ್ಬಿಗೆ ಸುರಿದ.

"ನೀವೇ ಹೇಳಿದ್ರಲ್ಲ ಅಪ್ಪಾ, ಎಂತೂ ಆಗೂದಿಲ್ಲ ಅಂತ?"

"ಸುಮ್ನಿರು. ಕೈ ತೊಳ್ಕೊಂಡು ಬಾ."

ತಿರುಗಿದಾಗ ನಾಗಮ್ಮ ನಿಂತಿದ್ದಳು. ಅವನು ಸಭಾಭವನದಲ್ಲಿ ಮರೆತುಬಂದ ಮರಳಿನ ಬಾಟಲಿ ಅವಳ ಕೈಯಲ್ಲಿತ್ತು. ನಡೆದ ಬಿರುಸಿಗೆ ಏದುಸಿರು ಬಿಡುತ್ತಿದ್ದಳು.

"ಹುಳ ಬಿದ್ದಿತ್ತು, ದೊಡ್ಡಮ್ಮ," ಎಂದ ರವೀಂದ್ರ.

"ಇವತ್ತೇ ಹುರಿದದ್ದು, ತಮಾ."

ಅವನು ನೆಲ ನೋಡಿದ. ಕುಮಟಾ ಕಡೆಯ ಬಸ್ಸು ಬಂದು ನಿಂತಿತು. ಜನ ಬಾಗಿಲಿಗೆ ಮುತ್ತಿದರು.

"ನಾಳೆ ಸಂಕಷ್ಟಿ. ಇಡಗುಂಜಿಗೆ ಜನ ಬತ್ತರು," ಎಂದಳು ನಾಗಮ್ಮ. "ನಾ ಮಾರ್ಲೋ ಬ್ಯಾಡ್ವೋ? ಅದೊಂದು ಹೇಳಿ ಹೋಗು."

ಕಂಡಕ್ಟರ್ ಸೀಟಿ ಊದಿದ. ಅಂಕಿತಾ ಒದ್ದೆ ಕೈಯಲ್ಲೇ ಓಡಿಬಂದು ಬಸ್ಸು ಹತ್ತಿದಳು. ಅವನು ಅವಳ ಹಿಂದೆ ಹತ್ತಿದ.

ಕಿಟಕಿಯಿಂದ ನೋಡಿದ. ನಾಗಮ್ಮ ಬಾಟಲಿಯನ್ನು ಕಲ್ಲುಬೆಂಚಿನ ಮೇಲಿಟ್ಟು, ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡಳು. ಬೆಳಕಿಗೆ ಹಿಡಿದು ನೋಡಿಕೊಂಡಳು. ಮತ್ತೆ ಒರೆಸಿಕೊಂಡಳು.