ಆಕ್ಷೇಪಣೆ ಸಂಖ್ಯೆ ಒಂದು

ಆ ಲಕೋಟೆಗೆ ಗೋಂದು ಹಚ್ಚಿದ್ದು ಆಕೆಯೇ. ಬ್ಯಾಂಕಿನ ಒಂದು ಶಾಖೆಯನ್ನು ಕಾಯಂ ಆಗಿ ಮುಚ್ಚಬೇಕಾದರೆ ತೊಂಬತ್ತು ದಿನ ಮುಂಚೆ ಪ್ರತಿಯೊಬ್ಬ ಖಾತೆದಾರರಿಗೂ ಪತ್ರ ಹೋಗಬೇಕು ಅನ್ನುವುದು ನಿಯಮ. ಆಕೆ ಸಾವಿರದ ನೂರ ನಲವತ್ತು ಪತ್ರ ಮಡಚಿ, ಪ್ರತಿಯೊಂದರ ಹೊಟ್ಟೆಯಲ್ಲಿ ಒಂದು ಆಕ್ಷೇಪಣೆ ಫಾರಂ ಇಟ್ಟು, ಅಂಟಿಸಿ, ಮೂರು ಚೀಲ ತುಂಬಿಸಿ ಅಟೆಂಡರ್ ಕೈಯಲ್ಲಿ ಅಂಚೆಗೆ ಕಳಿಸಿದ್ದಳು.

ಒಂದು ವಾರ ಕಳೆದು, ಸಂಜೆ ಮನೆಯ ಬೀಗ ತೆಗೆದು ಒಳಗೆ ಕಾಲಿಟ್ಟರೆ ಬಾಗಿಲ ಸಂದಿಯಿಂದ ತೂರಿ ಬಿದ್ದಿದ್ದ ಲಕೋಟೆಯೊಂದು ಕಾಲಿಗೆ ಸಿಕ್ಕಿತು. ಯಾರಪ್ಪಾ ನನಗೆ ಕಾಗದ ಬರೆದವರು ಅಂತ ಒಂದು ಕ್ಷಣ ಎದೆ ಹಗುರಾಯಿತು. ಆಮೇಲೆ ಸೊಟ್ಟಗೆ ಅಂಟಿದ ಅಂಚು ಕಂಡು ತನ್ನದೇ ಕೈಕೆಲಸದ ಗುರುತು ಸಿಕ್ಕಿತು. ಆಕೆಯ ಸಂಬಳ ಬೀಳುವ ಖಾತೆಯೂ ಅದೇ ಶಾಖೆಯಲ್ಲಿತ್ತಲ್ಲ, ಪಟ್ಟಿಯಲ್ಲಿ ಆಕೆಯ ಹೆಸರೂ ಬಂದಿತ್ತು.

ಹೆಗಲ ಚೀಲವನ್ನೂ ಇಳಿಸದೆ ಮಂಚದ ಅಂಚಿಗೆ ಕೂತು ಓದಿದಳು. "ಪ್ರಿಯ ಗ್ರಾಹಕರೇ, ತಮಗೆ ತಿಳಿಸಲು ವಿಷಾದಿಸುತ್ತೇವೆ." ಸಾವಿರ ಸಲ ಕಣ್ಣಾಡಿಸಿದ್ದ ಸಾಲೇ. ಆದರೆ ತನಗೆ ಅಂತ ಓದಿಕೊಂಡದ್ದು ಅದೇ ಮೊದಲು.

ಹತ್ತೊಂಬತ್ತು ವರ್ಷದಿಂದ ಆಕೆ ಮೊದಲನೇ ಕೌಂಟರಿನಲ್ಲಿ ಕೂತಿದ್ದಾಳೆ. ಪಾಸ್‌ಬುಕ್ ಮುದ್ರಿಸುವುದು, ಸಹಿ ಹೊಂದಿಸುವುದು, ವಿಳಾಸ ಬದಲಿಸುವುದು, "ಎಲ್ಲಿಗೆ ಹೋಗ್ಬೇಕು" ಅಂದವರಿಗೆ ದಾರಿ ತೋರಿಸುವುದು ಆಕೆಯ ಕೆಲಸ. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಊರಿಗೆಲ್ಲ ಆಕೆ ಕೌಂಟರಕ್ಕ. ಹಿಂದೊಮ್ಮೆ ಚಾವಣಿ ಸೋರಿ ಶಾಖೆಯನ್ನು ಮೂರು ದಿನ ತಾತ್ಕಾಲಿಕವಾಗಿ ಮುಚ್ಚಿದ್ದರು. ತಾತ್ಕಾಲಿಕಕ್ಕೆ ದೊಡ್ಡ ಕಟ್ಟಳೆಯೇನಿಲ್ಲ, ಬಾಗಿಲಿಗೆ ಒಂದು ಚೀಟಿ ಅಂಟಿಸಿದರೆ ಸಾಕು. ಆ ಮೂರೂ ದಿನ ಆಕೆ ಯಾರೂ ಹೇಳದೆಯೇ ಬಂದು ಹೊರಗಿನ ಮೆಟ್ಟಿಲ ಮೇಲೆ ಕೂತು, ಬಂದವರಿಗೆಲ್ಲ ಚೀಟಿಯಲ್ಲಿದ್ದದ್ದನ್ನೇ ಬಾಯಲ್ಲಿ ಹೇಳಿ ಕಳಿಸಿದ್ದಳು. ಮನೆಯಲ್ಲಿ ಕೂತು ಮಾಡುವುದಾದರೂ ಏನು?

ಈ ಸಲ ಮುಚ್ಚಿದರೆ ಮುಚ್ಚಿದಂತೆಯೇ. ಆಕೆಗೆ ದಾಖಲೆ ಕೇಂದ್ರಕ್ಕೆ ವರ್ಗ ಅಂತ ಮ್ಯಾನೇಜರು ಆಗಲೇ ಸೂಚನೆ ಕೊಟ್ಟಿದ್ದರು. "ಅಲ್ಲಿ ಆರಾಮು ಮೇಡಂ. ಜನರ ಕಾಟವೇ ಇರಲ್ಲ." ತರಬೇತಿಗೆಂದು ಆಕೆ ಒಮ್ಮೆ ಆ ಕೇಂದ್ರಕ್ಕೆ ಹೋಗಿ ಬಂದಿದ್ದಳು. ನಲವತ್ತು ಜನ, ನಲವತ್ತು ಗೂಡು, ಪ್ರತಿಯೊಬ್ಬರ ಮುಂದೆಯೂ ಹಲಗೆಯ ಗೋಡೆ. ಕಾಗದವನ್ನು ಯಂತ್ರಕ್ಕೆ ಉಣಿಸುತ್ತಾ ಕೂರಬೇಕು. ಕೆಲಸ ನಿಲ್ಲಬಾರದೆಂದು ಊಟಕ್ಕೂ ಒಬ್ಬೊಬ್ಬರನ್ನೇ ಬಿಡುತ್ತಿದ್ದರು.

ಆ ಸಂಜೆಯೇ ಆಕೆ ಫಾರಂ ತುಂಬಿ, ಮರುದಿನ ತಾನೇ ತೆಗೆದುಕೊಂಡು ಹೋಗಿ ಆಕ್ಷೇಪಣೆ ಪೆಟ್ಟಿಗೆಗೆ ಹಾಕಿದಳು. ಆಸೆ ಇಷ್ಟೇ: ಮೂವತ್ತು ದಿನದೊಳಗೆ ಹತ್ತು ಆಕ್ಷೇಪಣೆ ಬಂದರೆ, ಶಾಖೆ ಮುಚ್ಚಿದರೂ ಅದೇ ಬೀದಿಯಲ್ಲಿ ವಾರಕ್ಕೊಂದು ದಿನ ಸೇವಾ ಮೇಜು ಹಾಕಬೇಕು ಅಂತ ಸುತ್ತೋಲೆಯಲ್ಲಿತ್ತು. ಹತ್ತಿರದಲ್ಲಿ ಮನೆಯಿರುವ ಸಿಬ್ಬಂದಿಯನ್ನೇ ಅಲ್ಲಿ ಕೂರಿಸುತ್ತಾರೆ. ಹತ್ತಿರದಲ್ಲಿ ಮನೆ ಇದ್ದದ್ದು ಆಕೆಯೊಬ್ಬಳದೇ. ಸಾವಿರದ ನೂರ ನಲವತ್ತು ಜನರಲ್ಲಿ ಇನ್ನು ಒಂಬತ್ತು ಜನ ಸಿಕ್ಕದೆ ಇರುತ್ತಾರೆಯೇ?

ತೊಡಕಿದ್ದದ್ದು ಅದೇ ಸುತ್ತೋಲೆಯ ಎಂಟನೇ ಕಲಮಿನಲ್ಲಿ. ಆಕ್ಷೇಪಣೆ ಬರೆಯುವಂತೆಯೂ ಬರೆಯದಂತೆಯೂ ಸಿಬ್ಬಂದಿ ಯಾರನ್ನೂ ಪ್ರೇರೇಪಿಸತಕ್ಕದ್ದಲ್ಲ.

"ಏನಕ್ಕಾ ಇದು, ಮುಚ್ಚಿಬಿಡ್ತಾರಂತೆ?" ಟೈಲರ್ ಬಂದು ಗಾಜಿಗೆ ಹಣೆ ತಾಗಿಸಿ ನಿಂತ. "ನನ್ ಸಹಿ ಒಂದ್ಸಲ ಹಾಕಿದಂಗೆ ಇನ್ನೊಂದ್ಸಲ ಬರಲ್ಲ. ನೀವಾದ್ರೆ ನಕ್ಕು ಒಪ್ಕೋತೀರ. ನಮ್ ಖಾತೆ ಹೋಗೋ ಆ ಹೊಸ ಶಾಖೆಯೋರು ಬಾಗಿಲಲ್ಲೇ ನಿಲ್ಲಿಸ್ತಾರೆ."

"ಫಾರಂ ಆ ಟ್ರೇಯಲ್ಲಿದೆ," ಅಂದಳು.

"ಯಾವ ಫಾರಂ?"

"ಟ್ರೇಯಲ್ಲಿರೋದು."

"ಅಯ್ಯೋ ಬಿಡಕ್ಕ. ದೊಡ್ಡೋರು ತೀರ್ಮಾನ ಮಾಡಾದ್ಮೇಲೆ ನಮ್ಮ ಮಾತು ಯಾರ್ ಕೇಳ್ತಾರೆ? ಆದ್ರೂ ಬೇಜಾರಾಗತ್ತೆ ನೋಡಿ," ಅಂದು, ನಿಜವಾಗಿಯೂ ಬೇಜಾರು ಮಾಡಿಕೊಂಡು ಹೋದ.

ಮೊಟ್ಟೆ ಅಂಗಡಿಯ ಹೆಂಗಸು ಮಾತ್ರ ಟ್ರೇಯಿಂದ ಏಳೆಂಟು ಫಾರಂ ಎತ್ತಿಕೊಂಡಳು. ಕೌಂಟರಕ್ಕನಿಗೆ ಕುರ್ಚಿಯಿಂದ ಎದ್ದು ನಿಲ್ಲುವಷ್ಟು ಖುಷಿ. ಎಂಟನೇ ಕಲಮಿಗೆ ಹೆದರಿ ತುಟಿ ಬಿಗಿ ಹಿಡಿದಳು. ಮೂರು ದಿನ ಬಿಟ್ಟು ಮೊಟ್ಟೆ ತರಲು ಹೋದಾಗ ನೋಡಿದರೆ, ಫಾರಮುಗಳ ಬೆನ್ನಿನ ಮೇಲೆ ಮಸಿಯಲ್ಲಿ ಮೊಟ್ಟೆಯ ದರ ಬರೆದು ದಾರಕ್ಕೆ ನೇತು ಹಾಕಿದ್ದಾಳೆ.

"ಕಾಗದ ಗಟ್ಟಿಯಾಗಿದೆ ಕಣಕ್ಕ," ಅಂದಳು ಆ ಪುಣ್ಯಾತ್ಗಿತ್ತಿ. "ನಿಮ್ ಬ್ಯಾಂಕ್ ಮುಚ್ಚಿದ್ರೆ ಇಂಥಾದ್ದು ಎಲ್ ಸಿಗತ್ತೆ?"

ನಿವೃತ್ತ ಮೇಷ್ಟ್ರ ಮೇಲೆ ಆಕೆಗೆ ಬಲವಾದ ಭರವಸೆಯಿತ್ತು. ಬಂದಾಗಲೆಲ್ಲ, "ನಾನು ಬರೀತೀನಿ ನೋಡಮ್ಮ, ನಾಲ್ಕು ಪುಟ ಬರೀತೀನಿ. ತಲೇಲಿ ಎಲ್ಲಾ ಸಿದ್ಧ ಆಗಿದೆ, ಕೈಗಿಳಿಸೋದೊಂದು ಬಾಕಿ," ಅನ್ನುತ್ತಿದ್ದರು. ಮೂವತ್ತನೇ ದಿನ ಬಾಗಿಲು ಹಾಕಲು ಕಾಲು ಗಂಟೆ ಇರುವಾಗ ಬಂದು ಪಾಸ್‌ಬುಕ್ ಮಾತ್ರ ಚಾಚಿದರು. ಆಕೆ ಮುದ್ರಿಸಿದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

"ಬರೆದಿದ್ದೆ ಕಣಮ್ಮ. ಮಗ ನೋಡಿದ. 'ಅಪ್ಪಾ, ಎಲ್ಲಾ ಫೋನಲ್ಲೇ ಆಗತ್ತೆ, ನೀವು ಸುಮ್ನಿರಿ' ಅಂದ. ಅವನು ಹೇಳೋದೂ ಸುಳ್ಳಲ್ವಲ್ಲ."

"ಸುಳ್ಳಲ್ಲ ಮೇಷ್ಟ್ರೇ," ಅಂದಳು. ಬೇರೆ ಏನಂದರೂ ಪ್ರೇರೇಪಣೆಯಾಗುತ್ತಿತ್ತು.

ಪೆಟ್ಟಿಗೆ ತೆರೆದಾಗ ಒಳಗಿದ್ದದ್ದು ಒಂದೇ ಫಾರಂ. ಮ್ಯಾನೇಜರು ಅದನ್ನು ಹಿಡಿದು ಆಕೆಯ ಮೇಜಿನ ಬಳಿ ಬಂದರು. ಆಕೆಗಿಂತ ಹದಿನೈದು ವರ್ಷ ಚಿಕ್ಕವರು, ಕೆಟ್ಟವರಲ್ಲ.

"ಇದೇನ್ ಮೇಡಂ ಇದು? ನೀವೇ ಅಂಟಿಸಿದ ಕಾಗದಕ್ಕೆ ನೀವೇ ಉತ್ತರ ಬರೆಯೋದಾ? ಎಂಟನೇ ಕಲಮು ಓದಿಲ್ವಾ?"

"ಓದಿದೀನಿ ಸಾರ್. ನನ್ನನ್ನ ನಾನೇ ಪ್ರೇರೇಪಿಸಬಾರ್ದು ಅಂತ ಅದ್ರಲ್ಲಿಲ್ಲ."

ಅವರಿಗೆ ನಗು ಬಂತು, ನುಂಗಿದರು. "ಆಕ್ಷೇಪಣೆ ಶೂನ್ಯ ಅಂತ ಒಂದ್ ಗೆರೆ ಬರೆದು ಕಳಿಸ್ತಿದ್ದೆ. ಈಗ ವಿಚಾರಣೆ ಆಗ್ಬೇಕು. ಒಂದಿದ್ರೂ ವಿಚಾರಣೆ, ಒಂಬತ್ತಿದ್ರೂ ವಿಚಾರಣೆ."

"ಹತ್ತಾಗಿದ್ರೆ ಸೇವಾ ಮೇಜು."

"ಹತ್ತಾಗಿಲ್ವಲ್ಲ ಮೇಡಂ." ಅವರು ಅದನ್ನು ಮೆಲ್ಲಗೆ ಹೇಳಿದ್ದಕ್ಕೇ ಆಕೆಗೆ ಹೆಚ್ಚು ನೋವಾಯಿತು. "ವಾಪಸ್ ತಗೊಂಡ್ಬಿಡಿ. ಇಷ್ಟು ವರ್ಷ ಒಂದು ಕಪ್ಪುಚುಕ್ಕೆ ಇಲ್ಲದೆ ಕೆಲಸ ಮಾಡಿದೀರ. ಮೇಲಿನೋರು ಬೇರೆ ಥರ ತಿಳ್ಕೋತಾರೆ."

ಆಕೆ ವಾಪಸ್ ತೆಗೆದುಕೊಳ್ಳಲಿಲ್ಲ. ಫಾರಮಿನಲ್ಲಿ ವಿಚಾರಣೆ ಶಾಖೆಯಲ್ಲೋ ಮನೆಯಲ್ಲೋ ಅನ್ನುವ ಕಡೆ 'ಮನೆ' ಅಂತ ಗುರುತು ಹಾಕಿದ್ದಳು. ಶಾಖೆಯಲ್ಲಿ ಆಕೆ ಸಿಬ್ಬಂದಿ, ಮನೆಯಲ್ಲಾದರೆ ಗ್ರಾಹಕಿ.

ಭಾನುವಾರ ಹನ್ನೊಂದಕ್ಕೆ ಬೀಗದ ಸಾಹೇಬರು ಬಂದರು. ಶಾಖೆ ಮುಚ್ಚಿಸುವ ಕಡತವನ್ನೆಲ್ಲ ಅವರೇ ನೋಡುವುದರಿಂದ ಬ್ಯಾಂಕಿನವರೆಲ್ಲ ಬೆನ್ನ ಹಿಂದೆ ಅವರನ್ನು ಕರೆಯುತ್ತಿದ್ದದ್ದು ಹಾಗೆ. ಭಾರಿ ಆಸಾಮಿ ಇರಬಹುದು ಅಂದುಕೊಂಡಿದ್ದಳು. ಮೂರು ಅಂತಸ್ತು ಹತ್ತಿ ಏದುಸಿರು ಬಿಡುತ್ತಾ ಬಂದದ್ದು ಚಪ್ಪಲಿ ಸವೆದ ಸಣಕಲು ಮನುಷ್ಯ. ಮನೆಯ ಎರಡನೇ ಕುರ್ಚಿಯ ಮೇಲೆ ಯಾವಾಗಲೂ ಒಗೆದ ಬಟ್ಟೆಯ ರಾಶಿ ಇರುತ್ತಿತ್ತು. ಬೆಳಿಗ್ಗೆ ಅದನ್ನೆಲ್ಲ ಮಡಚಿಟ್ಟು ಕುರ್ಚಿ ಖಾಲಿ ಮಾಡಿದ್ದಳು. ಅವರು ಕೂತಾಗ ಅದು ಕಿರುಗುಟ್ಟಿತು. ಅದು ಹಾಗೆ ಸದ್ದು ಮಾಡುತ್ತದೆಂದು ಆಕೆಗೇ ಗೊತ್ತಿರಲಿಲ್ಲ.

ಟೀ ಕುಡಿದು ಅವರು ಫಾರಂ ತೆಗೆದರು.

"ಕೇಳೋದೆಲ್ಲ ಕೇಳ್ಬೇಕಮ್ಮ, ತಪ್ಪು ತಿಳ್ಕೋಬೇಡಿ. ಮನೇಲಿ ಎಷ್ಟು ಜನ?"

"ಒಬ್ಬಳೇ."

"ಹೊಸ ಶಾಖೆ ಎಷ್ಟು ದೂರ?"

"ಏಳು ಕಿಲೋಮೀಟರು. ಎರಡು ಬಸ್ಸು."

"ತಿಂಗಳಿಗೆ ಎಷ್ಟು ಸಲ ಶಾಖೆಗೆ ಹೋಗ್ತೀರಿ?"

"ಇಪ್ಪತ್ತೈದು."

ಬರೆದ ಮೇಲೆ ಪೆನ್ನು ನಿಲ್ಲಿಸಿ ತಲೆಯೆತ್ತಿದರು. ಇಬ್ಬರೂ ಒಟ್ಟಿಗೇ ನಕ್ಕರು. ಆ ಕೋಣೆಯಲ್ಲಿ ಎರಡು ನಗು ಒಟ್ಟಿಗೆ ಕೇಳಿ ಎಷ್ಟು ಕಾಲವಾಗಿತ್ತೋ.

ಆಮೇಲೆ ಅವರು ಬ್ಯಾಂಕಿನ ಸಮಾಧಾನದ ಉತ್ತರ ಓದಿದರು. ಎಲ್ಲ ಸೇವೆಯೂ ಫೋನಿನಲ್ಲಿ ಲಭ್ಯ, ಹೊಸ ಶಾಖೆಯಲ್ಲಿ ವಿಶೇಷ ಗಮನ. ಆಕೆಗೆ ಅದು ಬಾಯಿಪಾಠ. ಕೊನೆಯ ಸಾಲನ್ನು ಅವರಿಗಿಂತ ಮೊದಲೇ ಮುಗಿಸಿದಳು.

"ಸಾರ್, ನನಗೆ ಶಾಖೇನೇ ಬೇಕು ಅಂತಿಲ್ಲ. ಎಲ್ಲಾದ್ರೂ ಒಂದು ಕೌಂಟರಿಗೆ ಹಾಕಿ. ದೂರ ಆದ್ರೂ ಹೋಗ್ತೀನಿ. ಆ ದಾಖಲೆ ಕೇಂದ್ರ ಒಂದು ಬೇಡ."

ಅವರು ಫಾರಮನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು. "ಅದು ಸಿಬ್ಬಂದಿ ವಿಷಯ. ನಾನಿವತ್ತು ಗ್ರಾಹಕರ ಮನೆಗೆ ಬಂದಿದೀನಿ. ಅದಕ್ಕೆ ಈ ಫಾರಮಲ್ಲಿ ಜಾಗ ಇಲ್ಲ ತಾಯಿ. ವರ್ಗಾವಣೆ ಪಟ್ಟಿ ನನ್ನ ಕೈಲೂ ಇಲ್ಲ."

ಮನೆ ಅಂತ ಗುರುತು ಹಾಕಿ ತಾನೇ ಹೂಡಿದ್ದ ಉಪಾಯ ಈಗ ತನ್ನ ಕಾಲಿಗೇ ಸುತ್ತಿಕೊಂಡಿತ್ತು.

"ಕೊನೇ ಪ್ರಶ್ನೆ," ಅಂದರು. "ಉತ್ತರ ತೃಪ್ತಿ ತಂದಿದೆಯೋ ಇಲ್ಲವೋ? ಹೌದು ಅಂದ್ರೆ ಇಲ್ಲಿಗೇ ಮುಗೀತು, ನಿಮಗೂ ಒಳ್ಳೇದು. ಇಲ್ಲ ಅಂದ್ರೂ ಶಾಖೆ ಮುಚ್ಚತ್ತೆ. ಸುಳ್ಳು ಆಸೆ ಹುಟ್ಟಿಸಲ್ಲ."

"ಇಲ್ಲ."

"ಇಲ್ಲ ಅಂತಾನೇ ಬರೀಲಾ?"

"ಬರೀರಿ. ತೃಪ್ತಿ ಇಲ್ಲ."

"ಹಾಗಾದ್ರೆ ಕಾರಣ ಬರೀಬೇಕು. ಗ್ರಾಹಕರ ಸ್ವಂತ ಮಾತಲ್ಲೇ ಬರೀಬೇಕು ಅಂತಿದೆ. ಹೇಳಿ."

ಆಕೆ ಸೀರೆಯ ನೆರಿಗೆ ಸರಿಪಡಿಸಿಕೊಂಡಳು. ಖಾಲಿ ಲೋಟವನ್ನು ಆ ಕಡೆಯಿಂದ ಈ ಕಡೆಗಿಟ್ಟಳು.

"ಬೆಳಿಗ್ಗೆ ಹತ್ತರಿಂದ ನಾಲ್ಕರ ತನಕ ನಾನು ಮಾತಾಡ್ತೀನಿ," ಅಂದಳು. "ಮಿಕ್ಕ ಹೊತ್ತು ಮಾತಾಡಲ್ಲ. ಆಡೋಕೆ ಯಾರೂ ಇಲ್ಲ. ಸೋಮವಾರ ಮೊದಲನೇ ಗಿರಾಕಿ ಬಂದಾಗ ಗಂಟಲು ಕೆಮ್ಮಿ ಸರಿಮಾಡ್ಕೋಬೇಕಾಗತ್ತೆ. ಶನಿವಾರ ಸಂಜೆಯಿಂದ ಅದನ್ನ ಉಪಯೋಗಿಸಿರಲ್ಲ ನೋಡಿ."

ಬೀಗದ ಸಾಹೇಬರು ಪೆನ್ನು ಹಿಡಿದೇ ಕೂತಿದ್ದರು. "ಇದು ಬ್ಯಾಂಕಿನ ವಿಷಯ ಅಲ್ವಲ್ಲಮ್ಮ."

"ಸ್ವಂತ ಮಾತು ಅಂದ್ರಲ್ಲ ಸಾರ್. ಇದಕ್ಕಿಂತ ಸ್ವಂತದ್ದು ನನ್ನ ಹತ್ರ ಬೇರೆ ಇಲ್ಲ."

ಅವರು ಬರೆಯತೊಡಗಿದರು. ಕಾರಣ ಬರೆಯಲು ಕೊಟ್ಟಿದ್ದದ್ದು ಎರಡೇ ಗೆರೆ. ಮೂರನೆಯದು ಅಂಚಿಗೆ ಹತ್ತಿತು, ನಾಲ್ಕನೆಯದು ಅಂಚಿನುದ್ದಕ್ಕೂ ಮೇಲಕ್ಕೆ ತಿರುಗಿತು. ಬರೆದದ್ದನ್ನು ಆಕ್ಷೇಪಣೆದಾರರಿಗೆ ಓದಿ ಹೇಳಿ ಸಹಿ ಪಡೆಯತಕ್ಕದ್ದು ಅಂತಲೂ ನಿಯಮವಿತ್ತು. ಅವರು ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದು, ಕಚೇರಿಯ ದನಿಯಲ್ಲಿ, ಒಂದಕ್ಷರ ಬಿಡದೆ ಓದಿದರು. ಗಂಟಲು ಕೆಮ್ಮುವ ಜಾಗಕ್ಕೆ ಬಂದಾಗ ಆ ದನಿ ಸ್ವಲ್ಪ ಇಳಿಯಿತು.

ಆಕೆ ತಲೆ ಬಗ್ಗಿಸಿ ಕೇಳಿದಳು. ತನ್ನ ಮಾತು ಇನ್ನೊಬ್ಬರ ಬಾಯಿಂದ, ಅದೂ ತನ್ನ ಮನೆಯೊಳಗೆ.

"ಸರಿಯಾಗಿದ್ಯಾ?" ಅಂದು ಅವರು ಪೆನ್ನು ಚಾಚಿದರು.

ಆಕೆ ಪೆನ್ನು ತೆಗೆದುಕೊಂಡಳು, ಸಹಿ ಹಾಕಲಿಲ್ಲ.

"ಇನ್ನೊಂದ್ಸಲ ಓದ್ತೀರಾ ಸಾರ್?"

ಅವರು ಬಾಗಿಲ ಕಡೆ ನೋಡಿದರು, ಕೈಗಡಿಯಾರ ನೋಡಿದರು, ಆಮೇಲೆ ಕನ್ನಡಕ ಮೇಲೇರಿಸಿಕೊಂಡು ಮೊದಲ ಸಾಲಿನಿಂದ ಶುರುಮಾಡಿದರು.